ಹೆಣ್ಣು ಸಾಲಿನ ಕಾಯಿಲೆ

ಗುಬ್ಬಿಯ ಅಂಗನವಾಡಿಯ ಹನುಮಕ್ಕ ಅಂದರೆ ಅಮ್ಮಂದಿರಿಗೆ ಸ್ವಲ್ಪ ಭಯವೇ. ಪೋಲಿಯೋ ಭಾನುವಾರ ಬಂತೆಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿಯುತ್ತಿದ್ದಳು. ಮಗು ಮಲಗಿದೆ, ಊರಿಗೆ ಹೋಗಿದೆ ಎಂಬ ನೆಪಗಳು ಅವಳೆದುರು ನಡೆಯುತ್ತಿರಲಿಲ್ಲ. "ಎಬ್ಬಿಸ್ಕಂಡ್ ಬಾರವ್ವ, ಎರಡು ಹನಿಗೆ ನಿದ್ದೆ ಏನ್ ಕೆಡಲ್ಲ" ಎಂದು ಜಗಲಿಯ ಮೇಲೆ ಕೂತೇಬಿಡುತ್ತಿದ್ದಳು. ಊರ ಮಕ್ಕಳನ್ನೆಲ್ಲ ಕಾಯ್ದ ಈ ಹೆಂಗಸು ತನ್ನ ಮನೆಯಲ್ಲಿ ಎಡವಿದ್ದನ್ನು ಹೇಳಲು ಹೊರಟರೆ ಹೊಟ್ಟೆ ಉರಿಯುತ್ತದೆ.

ಅವಳ ತವರು ಕಡಬ. ತಾಯಿ ಭದ್ರಮ್ಮನ ಕತ್ತಿನಲ್ಲಿ ಗಡ್ಡೆಯಿತ್ತು, ಚಿಕ್ಕಮ್ಮ ವನಜಮ್ಮನಿಗೂ ಇತ್ತು. ಮದುವೆ ಮನೆಗೆ ಹೋಗುವಾಗ ಇಬ್ಬರೂ ಕತ್ತಿಗೆ ಬಿಗಿಯಾಗಿ ಅಡ್ಡಿಕೆ ಕಟ್ಟಿಕೊಂಡು, ಆ ಚಿನ್ನದ ಪಟ್ಟಿಯ ಕೆಳಗೆ ಗಡ್ಡೆ ಮರೆಸುತ್ತಿದ್ದರು. ಇಬ್ಬರೂ ಐವತ್ತು ದಾಟಲಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಯಾರಾದರೂ ತಮಾಷೆಗೆ ಅಂದರೂ ಆ ಮನೆಯ ಹೆಣ್ಣುಮಕ್ಕಳ ಕೈ ತಾನಾಗಿ ಕತ್ತಿಗೆ ಹೋಗುತ್ತಿತ್ತು. ಇದು ಹೆಣ್ಣು ಸಾಲಿನ ಕಾಯಿಲೆ, ಗಂಡಿಗೆ ಬರುವುದಿಲ್ಲ ಎಂದು ಮನೆಮಂದಿಯೆಲ್ಲ ನಂಬಿದ್ದರು.

ಎರಡು ಸಾವಿರದ ಇಸವಿಯಲ್ಲಿ ಹನುಮಕ್ಕನ ಕತ್ತಿಗೂ ಬಂತು. ತುಮಕೂರಿನ ಡಾಕ್ಟರು ಥೈರಾಯ್ಡ್ ಎಂದರು, ಗಡ್ಡೆಗೆ ಸೂಜಿ ಹಾಕಿ ಪರೀಕ್ಷಿಸಿದ ಮೇಲೆ ಮುಖ ಸಪ್ಪೆ ಮಾಡಿಕೊಂಡು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಗ್ರಂಥಿಯನ್ನೇ ತೆಗೆದುಹಾಕಿದರು. ಅವಳ ರಕ್ತದ ಪರೀಕ್ಷೆಯೂ ಆಯಿತು. ಅಲ್ಲಿನ ಡಾಕ್ಟರಮ್ಮ ಕೂರಿಸಿಕೊಂಡು ಬಿಡಿಸಿ ಹೇಳಿದರು.

"ಇದು ವಂಶದಲ್ಲಿ ಇಳಿದು ಬರೋ ಥೈರಾಯ್ಡ್ ಕ್ಯಾನ್ಸರ್. ನಿಮ್ಮ ಜೀನ್‌ನಲ್ಲೇ ತಪ್ಪಿದೆ. ಮಕ್ಕಳಿಬ್ಬರಿಗೂ ಟೆಸ್ಟ್ ಮಾಡಿಸಿ. ಅವರಲ್ಲೂ ಇದ್ರೆ ಗಡ್ಡೆ ಏಳೋಕೆ ಮುಂಚೆನೇ ಗ್ರಂಥಿ ತೆಗೀಬಹುದು. ಉಳ್ಕೋತಾರೆ."

ಹನುಮಕ್ಕ ಮಗಳು ಯಶಸ್ವಿನಿಯನ್ನು ಮಾತ್ರ ಕರೆದುಕೊಂಡು ಹೊರಟಳು. ಗಂಡ ಗಂಗಹನುಮಯ್ಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತು ಕಡಿಮೆ. ಅವತ್ತು ಮಾತ್ರ ಬಾಯಿ ಬಿಟ್ಟ. "ಇಬ್ರುನ್ನೂ ಕರ್ಕಂಬನ್ನಿ ಅಂದ್ರಲ್ಲ."

"ಗಂಡ್ ಮಗೀಗ್ ಯಾಕೆ ಸೂಜಿ ಚುಚ್ಚಿಸ್ಬೇಕು? ನಮ್ಮನೇಲಿ ಯಾವ್ ಗಂಡಸಿಗೆ ಬಂದದೆ, ನೀವೇ ಹೇಳಿ ನೋಡಾನ" ಎಂದಳು. ಅವನು ಬಸ್ಸಿನ ಖರ್ಚಿಗೆ ದುಡ್ಡು ಎಣಿಸಿ ಕೊಟ್ಟ.

ಯಶಸ್ವಿನಿಯ ರಕ್ತ ಎಲ್ಲೋ ದೂರದ ಲ್ಯಾಬಿಗೆ ಹೋಗಿ, ತಿಂಗಳುಗಟ್ಟಲೆ ಕಾಯಿಸಿ, ಕೊನೆಗೆ ಫಲಿತಾಂಶ ಬಂತು. ಅವಳಿಗೆ ಇರಲಿಲ್ಲ. ಹನುಮಕ್ಕ ಆಸ್ಪತ್ರೆಯಲ್ಲೇ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಮನೆಗೆ ಹತ್ತಿದ್ದ ಪೀಡೆ ತನ್ನಲ್ಲಿಗೇ ಮುಗಿಯಿತು ಎಂದುಕೊಂಡಳು. ಮಗನನ್ನು ಯಾವಾಗ ಕರೆತರುತ್ತೀರಿ ಎಂದು ಡಾಕ್ಟರಮ್ಮ ಕೇಳಿದ್ದಕ್ಕೆ, ಪಿಯುಸಿ ಪರೀಕ್ಷೆ ಮುಗಿಯಲಿ ಎಂದಳು. ಪರೀಕ್ಷೆ ಮುಗಿಯಿತು. ಮಗ ಚೈತನ್ಯ ನಿಟ್ಟೂರಿನಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟ. ಬೆಂಗಳೂರಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅವನಿಗೆ ಕುಣಿಗಲ್ಲಿನ ಪ್ರಮೀಳಾಳನ್ನು ನೋಡಿದರು. ಹುಡುಗಿಯ ತಾಯಿ ಮಂಜುಳಮ್ಮನ ಕಣ್ಣು ಚುರುಕು. ಹನುಮಕ್ಕನ ಕತ್ತಿನ ಮೇಲಿದ್ದ ಆಪರೇಷನ್ ಗುರುತು ನೋಡಿ, ಇದೇನು ಎಂದು ಕೇಳಿದಳು.

"ಅದು ನಮ್ ಹೆಣ್ಮಕ್ಳಿಗೆ ಬರಾದು ಕಣಮ್ಮ. ಮಗಳಿಗೂ ಟೆಸ್ಟ್ ಮಾಡ್ಸಿದೀನಿ, ಇಲ್ಲ. ಗಂಡ್ಮಕ್ಳಿಗೆ ಬರಲ್ಲ" ಎಂದಳು ಹನುಮಕ್ಕ. ಮೋಸ ಮಾಡಬೇಕೆಂದು ಆಡಿದ ಮಾತಲ್ಲ. ನಂಬಿಯೇ ಹೇಳಿದ್ದಳು, ಕೇಳಿದವರೂ ನಂಬಿದರು.

ಮಗ ಹುಟ್ಟಿದ ವರ್ಷವೇ ಚೈತನ್ಯನಿಗೆ ಭೇದಿ ಹಿಡಿಯಿತು. ಹೊಟ್ಟೆಗೆ ಕೊಟ್ಟ ಯಾವ ಔಷಧಿಯೂ ನಾಟಲಿಲ್ಲ. ಒಂದು ಬೆಳಿಗ್ಗೆ ಶೇವ್ ಮಾಡಿಕೊಳ್ಳುವಾಗ ಕತ್ತಿನ ಪಕ್ಕದಲ್ಲಿ ಗಂಟು ಕೈಗೆ ತಾಗಿತು. ಬೆಂಗಳೂರಿಗೆ ಹೋಗಿ ನೋಡಿದರೆ ಭೇದಿಯೂ ಆ ಕ್ಯಾನ್ಸರಿನದೇ, ಅದು ಆಗಲೇ ಲಿವರ್‌ಗೆ ಇಳಿದಿತ್ತು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ನಿಮ್ಮ ತಾಯಿ ಕಡೆ ಗಂಡಸರು ಹೇಗೆ ತೀರ್ಕೊಂಡ್ರು?" ಎಂದಷ್ಟೇ ಕೇಳಿದರು. ಆಗ ಹನುಮಕ್ಕನಿಗೆ ತಾಯಿಯ ಅಪ್ಪ ನರಸಿಂಹಯ್ಯ ನೆನಪಾದ. ಎದೆಯುದ್ದ ಗಡ್ಡ ಬಿಟ್ಟು, ಬಿರುಬೇಸಿಗೆಯಲ್ಲೂ ಕತ್ತಿಗೆ ಟವೆಲ್ ಸುತ್ತಿಕೊಂಡಿರುತ್ತಿದ್ದ ಮುದುಕ. ದೇವರ ಹರಕೆ ಎಂದೇ ಎಲ್ಲರೂ ತಿಳಿದಿದ್ದರು. ಕೊನೆಗೆ ನಿಲ್ಲದ ಭೇದಿಯಿಂದ ಕಡ್ಡಿಯಾಗಿ ಸತ್ತ. ಹೆಂಗಸರ ಕತ್ತನ್ನು ಊರೆಲ್ಲ ಕಣ್ಣಿಟ್ಟು ನೋಡಿತ್ತು. ಯಜಮಾನನ ಗಡ್ಡ ಸರಿಸಿ ನೋಡುವವರು ಯಾರಿದ್ದರು?

ವಾಪಸು ಬರುವಾಗ ಬಸ್ಸಿನಲ್ಲಿ ಚೈತನ್ಯ ಕೇಳಿದ. "ಅಮ್ಮ, ಅಕ್ಕನ ಜೊತೆ ನನ್ನೂ ಕರ್ಕಂಡೋಗಿದ್ರೆ ಉಳೀತಿದ್ನಾ?"

ಹನುಮಕ್ಕ ಮಗನ ಮುಖ ನೋಡಲಾರದೆ "ಹೂಂ ಕಣೋ" ಎಂದಳು. ಅವನು ಕಿಟಕಿಯ ಕಡೆ ತಿರುಗಿದ. ಆಮೇಲೆ ಸಾಯುವವರೆಗೂ ಆ ಮಾತು ಕೇಳಲಿಲ್ಲ. ಕೇಳದೆ ಇದ್ದದ್ದೇ ಅವಳನ್ನು ದಿನವೂ ಕೊಂದಿತು.

ತಿಥಿ ಮುಗಿಯುತ್ತಲೇ ಪ್ರಮೀಳಾ ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ಹನುಮಕ್ಕನಿಗೆ ಬದುಕಿನಲ್ಲಿ ಉಳಿದದ್ದು ಒಂದೇ ಕೆಲಸ, ಆ ಮಗುವಿನ ರಕ್ತ ಪರೀಕ್ಷೆ ಮಾಡಿಸುವುದು. ಕುಣಿಗಲ್ಲಿಗೆ ಹೋಗಿ, ಬೀಗಿತಿಯ ಕಾಲು ಹಿಡಿಯುವುದೊಂದನ್ನು ಬಿಟ್ಟು ಎಲ್ಲ ರೀತಿಯಲ್ಲೂ ಬೇಡಿದಳು. ಈಗಲೇ ಗೊತ್ತಾದರೆ ಮಗು ಉಳಿಯುತ್ತದೆ, ಮಗನ ವಿಷಯದಲ್ಲಿ ನಾನು ಕೆಟ್ಟೆ, ನೀವು ಕೆಡಬೇಡಿ ಎಂದಳು.

ಮಂಜುಳಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. "ಅವತ್ತು ಗಂಡಿಗೆ ಬರಲ್ಲ ಅಂದ್ರಿ, ನಂಬಿ ಹೆಣ್ ಕೊಟ್ವಿ. ಇವತ್ತು ಮಗೀಗೂ ಬರ್ಬೋದು ಅಂತೀರ. ನಿಮ್ ಮಾತು ಕೇಳಿದ್ದು ಸಾಕು, ಹೊರಡಿ."

ಹನುಮಕ್ಕ ಸೊಸೆಯ ಕಡೆ ತಿರುಗಿದಳು. ಪ್ರಮೀಳಾ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

"ಇವ್ನು ಥೇಟ್ ನಮ್ಮಪ್ಪನ ಥರ ಅವ್ನೆ ಅತ್ತೆ. ನಿಮ್ ಕಡೇದು ಒಂದೂ ಬಂದಿಲ್ಲ. ಇವ್ನಿಗೇನೂ ಆಗಲ್ಲ."

ಅಷ್ಟೇ ಗಟ್ಟಿಯಾಗಿ ಒಂದು ಕಾಲಕ್ಕೆ ಹನುಮಕ್ಕ ತಾನೂ ಹೇಳಿದ್ದಳು. ತುಮಕೂರಿನ ಬಸ್ಸು ಹತ್ತಿ ಬಂದುಬಿಟ್ಟಳು. ಆ ಮಗುವಿನ ರಕ್ತವನ್ನು ಇವತ್ತಿಗೂ ಯಾರೂ ಪರೀಕ್ಷೆ ಮಾಡಿಸಿಲ್ಲ.