ಹೆಬ್ಬೆರಳಿನಡಿಯ ಗೆರೆ

ಬೆಳಕು ಹರಿಯುವ ಹೊತ್ತಿಗೆ ಕಾಲೇಜು ಲೈಬ್ರರಿಯ ನೆಲಮಾಳಿಗೆಯಲ್ಲಿ ಒಬ್ಬ ಹೆಂಗಸು ಕಣ್ಣು ಮುಚ್ಚಿ ಕೂತಿದ್ದಾರೆ. ಕಿವಿಗೆ ಹೆಡ್‌ಫೋನು, ಎದುರಿನ ಕಂಪ್ಯೂಟರಿನ ಪರದೆ ಆರಿದೆ. ಕಸ ಗುಡಿಸಲು ಬರುವಾಕೆ ಮೊದಮೊದಲು, ಅಕ್ಕ ಮನೆಯಲ್ಲಿ ನಿದ್ದೆ ಮಾಡುವುದಿಲ್ಲವೇನೋ ಎಂದು ಕಾಲೆಳೆಯುತ್ತಿದ್ದರಂತೆ.

ನಿದ್ದೆಯಲ್ಲ, ಅದು ಕೆಲಸ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಪಾಠ ಓದಿ ಹೇಳುತ್ತದೆ, ಅಕ್ಷರಗಳಿದ್ದರೆ ಮಾತ್ರ. ಪುಟದ ಫೋಟೊ ಕೊಟ್ಟರೆ ‘ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಮೇಷ್ಟ್ರುಗಳು ಕಳಿಸುವುದು ಫೋಟೊಗಳನ್ನೇ. ಅವನ್ನೆಲ್ಲ ಅಕ್ಷರಕ್ಕಿಳಿಸಿ, ಚಿತ್ರಗಳನ್ನು ಮಾತಿನಲ್ಲಿ ಬರೆದು, ಪರದೆ ಆರಿಸಿ ಕೇಳಿ ತಿದ್ದುವುದು ಈಕೆಯ ಪಾಲಿಗೆ ಬಂದಿದೆ. “ಕಣ್ಣು ಬಿಟ್ಕೊಂಡು ಕೇಳಿದ್ರೆ ಎಲ್ಲಾ ಸರಿಯಾಗೇ ಇದೆ ಅನ್ಸುತ್ತೆ. ಬಿಟ್ಟುಹೋಗಿದ್ದನ್ನ ಕಣ್ಣೇ ತುಂಬ್ಕೊಂಡ್‌ಬಿಡುತ್ತೆ,” ಎನ್ನುತ್ತಾರೆ.

ಮೊದಲು ಇದೇ ಕಾಲೇಜಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ಕೈ ಚುರುಕು ಎಂದು ಇಲ್ಲಿಗೆ ತಳ್ಳಿದರು, ಆಮೇಲೆ ಮರೆತರು. ಜೊತೆಗೆ ಯಾರನ್ನೂ ಕೊಡಲಿಲ್ಲ. ಈಗ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡೇ ಕೂರುತ್ತಾರೆ. ಸೊಸೆಯ ಕೆಲಸವೆಂದರೆ ಕಂಪ್ಯೂಟರ್ ಜೊತೆ ಹರಟೆ ಎಂದು ಮನೆಯಲ್ಲಿ ಅತ್ತೆ ನಂಬಿದ್ದಾರೆ.

ಕಳೆದ ಪರೀಕ್ಷೆಯ ಹಿಂದಿನ ಸಂಜೆ ಅರ್ಥಶಾಸ್ತ್ರದ ಮೇಷ್ಟ್ರು ಕೊನೆಯ ಪಾಠದ ಫೋಟೊ ಕಳಿಸಿದರು. ಅದಕ್ಕಾಗಿ ಕಣ್ಣು ಕಾಣದ ಒಬ್ಬ ಹುಡುಗಿ ಕಾಯುತ್ತಿದ್ದಳು. ಒಮ್ಮೆ ಫೇಲಾದವಳು; ಇನ್ನೊಮ್ಮೆ ಆದರೆ ಓದು ಬಿಡಿಸುವುದಾಗಿ ಅಪ್ಪ ಹೇಳಿಯಾಗಿತ್ತು. ಬೆಳಗಾಗುವುದರೊಳಗೆ ಈಕೆ ಒಂದು ಗ್ರಾಫ್ ಬಿಟ್ಟು ಪಾಠವನ್ನೆಲ್ಲ ಮುಗಿಸಿದರು. ಗ್ರಾಫಿನ ಗೆರೆ ಎಲ್ಲಿ ತಿರುಗಬೇಕೋ ಅಲ್ಲೇ, ಪುಟ ಹಿಡಿದ ಮೇಷ್ಟ್ರ ಹೆಬ್ಬೆರಳು. ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಊಹೆ ಮಾಡಿ ಬರೆಯಲು ಮನಸ್ಸು ಒಪ್ಪದೆ, ‘ಇಲ್ಲಿ ಬೆರಳು ಅಡ್ಡ ಇದೆ, ಮುಂದಿನದು ನನಗೂ ಕಾಣುತ್ತಿಲ್ಲ’ ಎಂದು ಬರೆದು ಕಳಿಸಿದರು.

ದೊಡ್ಡ ಪ್ರಶ್ನೆ ಆ ಗ್ರಾಫಿನ ಮೇಲೇ ಬಂತು. ಉಳಿದವರು ಅದನ್ನು ತರಗತಿಯ ಬೋರ್ಡಿನಲ್ಲೇ ನೋಡಿದ್ದರು. ಹುಡುಗಿ ಸ್ವಲ್ಪದರಲ್ಲೇ ಫೇಲಾದಳು. ಕಾಲೇಜು ಬಿಡುವ ದಿನ ನೆಲಮಾಳಿಗೆಗೆ ಇಳಿದು ಬಂದು, ಪಾಠ ಕೇಳಲು ಲೈಬ್ರರಿಯಿಂದ ಪಡೆದಿದ್ದ ಹೆಡ್‌ಫೋನ್ ವಾಪಸು ಕೊಟ್ಟು, “ಮೇಡಂ, ಕಾಣ್ತಿಲ್ಲ ಅಂತ ನಿಜ ಹೇಳಿದ್ದು ನೀವೊಬ್ರೇ” ಎಂದಳಂತೆ. ಈಗ ಕಿವಿಗಿರುವುದು ಅದೇ ಹೆಡ್‌ಫೋನು.

ಇವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಇದನ್ನು ಕೇಳುವಾಗ ಸಿಟ್ಟು ನೆತ್ತಿಗೇರುತ್ತದೆ. ದೂರು ಕೊಡಿ ಎಂದರೆ, ಕೊಟ್ಟಾಗಿದೆ ಎನ್ನುತ್ತಾರೆ. ಪರದೆ ಹಚ್ಚಿ ನಿನ್ನೆ ಬಂದ ಪಾಠ ತೋರಿಸುತ್ತಾರೆ. ಅದೇ ಮೇಷ್ಟ್ರು, ಪುಟದ ಮೇಲೆ ಅದೇ ಬೆರಳು.

ನಿಮಗೇನು ಬೇಕು ಎಂದು ಕೇಳಿದೆ. ಸಹಾಯಕ್ಕೆ ಜನ ಕೇಳುತ್ತಾರೆ ಅಂದುಕೊಂಡಿದ್ದೆ.

“ನನಗೇನೂ ಬೇಡ. ಅವ್ರು ಆ ಬೆರಳೊಂದು ಸರಿಸಿದ್ರೆ ಸಾಕು.”