ದೊಡ್ಡಪ್ಪನ ಹಾಯಿಯ ಉರುಳೆ

ದೊಡ್ಡಪ್ಪನ ಬಲ ಅಂಗೈಯಲ್ಲಿ ಹಗ್ಗ ಉಜ್ಜಿ ಸುಟ್ಟ ಗುರುತೊಂದು ಅಡ್ಡಲಾಗಿ ಹೊಳೆಯುತ್ತಿತ್ತು. ರೊಟ್ಟಿ ಮುರಿಯುವಾಗಲೂ ಆ ಕೈ ಪೂರ್ತಿ ಮಡಚುತ್ತಿರಲಿಲ್ಲ. ನೌಕಾಪಡೆಯಿಂದ ನಿವೃತ್ತರಾಗಿ ಹರಿಹರಕ್ಕೆ ಬಂದವರು ತುಂಗಭದ್ರೆಯಲ್ಲಿ ಓಡಿಸಲು ತಾವೇ ಸಣ್ಣ ಹಾಯಿದೋಣಿ ಕಟ್ಟಿಕೊಂಡಿದ್ದರು. ಭಾನುವಾರ ದಾವಣಗೆರೆಯ ಎಸ್.ಎಸ್. ಬಡಾವಣೆಯಿಂದ ನಾನು ಹೋಗುತ್ತಿದ್ದೆ. ಹೋದ ದಿನ, ಗಾಳಿಯ ದಿಕ್ಕು, ತಿಂದ ಬೈಗುಳ ಎಲ್ಲವೂ ನನ್ನ ಡೈರಿಯಲ್ಲಿವೆ.

ಮುಂದಿನ ಹಾಯಿಯ ಬುಡದಲ್ಲಿ ಒಂದು ಉರುಳೆಯಿತ್ತು. ಹಗ್ಗ ಜಗ್ಗಿದರೆ ಅದು ತಿರುಗಿ, ಹಾಯಿ ಚಾಪೆಯಂತೆ ಸುತ್ತಿಕೊಳ್ಳುತ್ತಿತ್ತು. ಗಾಳಿ ಜೋರಾದರೆ ನಮ್ಮ ಜೀವ ಇದ್ದದ್ದೇ ಅದರಲ್ಲಿ. ಹಾಯಿ ಬಿಚ್ಚುವಾಗ ಹಗ್ಗ ಉರುಳೆಗೆ ಸುತ್ತಿಕೊಳ್ಳುತ್ತಿತ್ತು; ಆಗ ನಾನು ಅದನ್ನು ಸಡಿಲ ಬಿಟ್ಟರೆ ದೊಡ್ಡಪ್ಪ ರೇಗುತ್ತಿದ್ದರು: “ಬಿಗಿ ಹಿಡಿಯೋ ಲೇ! ಉರುಳಿ ಮ್ಯಾಲೆ ಗೋಜಲಾದ್ರೆ ವಾಪಸ್ ಸುತ್ತಾಕೆ ನಿಮ್ಮಜ್ಜ ಬರ್ತಾನೇನು?” ಅದರ ಬೇರಿಂಗಿಗೆ ಎಣ್ಣೆ ಸೋಕಿಸುತ್ತಿರಲಿಲ್ಲ. ಜಿಡ್ಡಿಗೆ ಮರಳು ಅಂಟುತ್ತದೆಂದು ದಡಕ್ಕೆ ಬಂದೊಡನೆ ಶುದ್ಧ ನೀರಲ್ಲಿ ತೊಳೆದು, ತಿರುಗಿಸಿ ನೋಡಿ, ಒಣಗಿಸುತ್ತಿದ್ದರು.

ತೊಂಬತ್ತೆಂಟರ ಆಯುಧಪೂಜೆಗೆ ದೊಡ್ಡಪ್ಪ ಮಲೆಬೆನ್ನೂರಿನ ನೆಂಟರಲ್ಲಿಗೆ ಹೋಗಿದ್ದರು. ಹರಿಹರದಲ್ಲಿ ಲೇತ್ ಅಂಗಡಿ ಇಟ್ಟಿದ್ದ ಅವರ ಬಾಮೈದ, ಅಂದರೆ ನನ್ನ ಸೋದರಮಾವ, ಯಂತ್ರಗಳ ಪೂಜೆ ಮುಗಿಸಿ ಹೊಳೆ ದಂಡೆಗೆ ಬಂದು ದೋಣಿಗೂ ಚೆಂಡುಹೂ ಕಟ್ಟಿದರು. ಉರುಳೆಗೆ ಗ್ರೀಸ್ ತುಂಬಿದರು. ಯಾರನ್ನೂ ಕೇಳಲಿಲ್ಲ.

ದಂಡೆಯ ಮರಳೆಲ್ಲ ಅದಕ್ಕೆ ಮೆತ್ತಿತು. ಮುಂದಿನ ಭಾನುವಾರ ಹಾಯಿಯನ್ನು ಗಾಳಿಯೇ ಎಳೆದು ಬಿಚ್ಚಿದ್ದರಿಂದ ನಮಗೆ ಏನೂ ತಿಳಿಯಲಿಲ್ಲ. ನಡು ಹೊಳೆಯಲ್ಲಿ ಬಿರುಗಾಳಿ ಎದ್ದಾಗ ದೊಡ್ಡಪ್ಪ ಹಗ್ಗ ಜಗ್ಗಿದರು, ಉರುಳೆ ಅಲುಗಲಿಲ್ಲ. ಬೆರಳು ತೂರಿಸಿ ನೋಡಿ, “ಯಾವ ಪುಣ್ಯಾತ್ಮ ಇದಕ್ಕ ಗ್ರೀಸ್ ತಿನ್ಸ್ಯಾನೋ!” ಎಂದು ಕೂಗಿದರು. ದೋಣಿ ಸೇತುವೆಯ ಕಂಬದತ್ತ ನುಗ್ಗಿತು. ಅಂಚಿನಲ್ಲಿದ್ದ ನನ್ನನ್ನು ಹಿಂದಕ್ಕೆ ತಳ್ಳಿ, ದೋಣಿಗೂ ಕಂಬಕ್ಕೂ ನಡುವೆ ತಮ್ಮ ಕಾಲು ಕೊಟ್ಟರು.

ಆಸ್ಪತ್ರೆಗೆ ಬಂದ ಮಾವ, “ಬೇರಿಂಗ್ ಅಂದ್ಮ್ಯಾಲೆ ಗ್ರೀಸ್ ಬ್ಯಾಡೇನ್ರಿ ಭಾವ? ಭಕ್ತಿಯಿಂದ ಮಾಡೀನಿ” ಎಂದರು.

“ಭಕ್ತಿ ಮಾಡು, ಯಾರು ಬ್ಯಾಡಂತಾರೆ? ಕೇಳಿ ಮಾಡು!”

ಆ ಕಾಲು ಮತ್ತೆ ನೆಲಕ್ಕೂರಲಿಲ್ಲ. ಗಾಯ ನಂಜೇರಿ, ಯುಗಾದಿಗೆ ಮುಂಚೆಯೇ ಅವರು ತೀರಿಕೊಂಡರು.

ಅಂದು ಪಡಸಾಲೆಯಲ್ಲಿ ಮಾವ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: “ಈ ವಯಸ್ಸಿನಾಗ ದೋಣಿ ಹುಚ್ಚು ಯಾಕ ಬೇಕಿತ್ತು ಹೇಳ್ರಿ? ಅದಾ ತಿಂತು.” ಎಲ್ಲರೂ ತಲೆ ಆಡಿಸುತ್ತಿದ್ದರು.

ನಾನು ಎದ್ದು ನಿಂತೆ. “ದೋಣಿ ತಿನ್ನಲಿಲ್ಲ ಮಾವ. ನೀವು ಕೇಳ್ದೆ ಹಾಕಿದ ಗ್ರೀಸ್ ತಿಂತು.”

“ಏ, ಕುಂದ್ರಲೇ! ಸತ್ತ ಮನಿಯಾಗ ಇದೇನ್ ಮಾತು?” ಎಂದು ಹಿರಿಯರೊಬ್ಬರು ಗದರಿದರು.

ನಾನು ಕೂರಲಿಲ್ಲ. ನಿಲ್ಲಲು ನನಗೆ ಎರಡು ಕಾಲು ಉಳಿಸಿಕೊಟ್ಟವರನ್ನು ಎದುರಿನ ಗೋಡೆಗೆ ಒರಗಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಕೂರಿಸಿದ್ದರು.