ಥಂಡಿ ಮಶೀನಿಗೆ ನಾನು ಹಚ್ಚಿದ ಸುಣ್ಣ

ಗೋಕಾಕದ ನಮ್ಮ ತವರುಮನೆಯಲ್ಲಿ ತಾಮ್ರ, ಹಿತ್ತಾಳೆಯ ಕೆಲಸ ನಡೆಯುತ್ತಿತ್ತು. ಹಳೆಯ, ಮುರಿದ ಮೋಡಕಾ ಸಾಮಾನು ಕೊಂಡು ತಂದು, ಒಡೆದು, ಕರಗಿಸಿ, ಕೊಡ, ಚರಿಗೆ, ತಪೇಲಿ ಮಾಡಿ ಮೂಡಲಗಿಯ ಸಂತೆಗೆ ಒಯ್ಯುತ್ತಿದ್ದರು. ಒಡೆಯುವುದು, ಬಡಿಯುವುದು ಅಪ್ಪ ಮತ್ತು ಅಣ್ಣನ ಕೆಲಸ. ಅದಕ್ಕೂ ಮೊದಲಿನ ಒಂದು ಕೆಲಸ ಮಾತ್ರ ಹೆಂಗಸರದು. ಸ್ಟೋವಿನ ಟಾಕಿಯಿರಲಿ, ಗ್ಯಾಸಬತ್ತಿಯ ಬುಡವಿರಲಿ, ಬಾಯಿ ಮುಚ್ಚಿದ ಸಾಮಾನು ಯಾವುದೇ ಬಂದರೂ ಅದನ್ನು ಬಿಚ್ಚಿ, ಒಳಗಿದ್ದದ್ದನ್ನು ಚೆಲ್ಲಿ, ತೊಳೆದು, ಬಿಸಿಲಿಗೆ ಒಣಗಿಸಿ, ಕೊನೆಗೆ ಖಾಲಿಯಾಯಿತೆಂಬ ಗುರುತಿಗೆ ಮೂರು ಬೆರಳಿನಿಂದ ಸುಣ್ಣ ಹಚ್ಚಬೇಕು. ನಮ್ಮ ಅಜ್ಜನ ಕಾಲದಲ್ಲಿ ಎಣ್ಣೆ ಉಳಿದಿದ್ದ ಟಾಕಿಯೊಂದು ಕುಲುಮೆಯ ಹತ್ತಿರ ಸಿಡಿದು ಮನೆಯ ಒಬ್ಬರು ಸತ್ತಿದ್ದರಂತೆ. ಅಂದಿನಿಂದ ಈ ಪದ್ಧತಿ. ಸುಣ್ಣವಿಲ್ಲದ ಸಾಮಾನನ್ನು ಗಂಡಸರು ಮುಟ್ಟುತ್ತಿರಲಿಲ್ಲ. ಸುಣ್ಣ ಇದ್ದದ್ದನ್ನು ಮತ್ತೆ ಪರೀಕ್ಷೆ ಮಾಡುತ್ತಲೂ ಇರಲಿಲ್ಲ. ಹಾಗೆ ಮಾಡಿದರೆ ಮನೆಯ ಹೆಂಗಸರ ಮೇಲೆ ಸಂಶಯಪಟ್ಟಂತೆ ಎನ್ನುತ್ತಿದ್ದ ಅಪ್ಪ.

ಸ್ವಾತಂತ್ರ್ಯ ಬಂದು ಐದಾರು ವರ್ಷ ಆಗಿರಬೇಕು. ಧುಪದಾಳದ ಕಡೆ ಒಂದು ಬಂಗಲೆಯಲ್ಲಿದ್ದ ಇಂಗ್ಲಿಷ್ ಸಾಹೇಬರು ತಮ್ಮ ದೇಶಕ್ಕೆ ಹೋದಾಗ ಕೋಣೆ ತಂಪು ಮಾಡುವ ಯಂತ್ರವೊಂದನ್ನು ಬಿಟ್ಟುಹೋಗಿದ್ದರು. ಅದು ಕೆಟ್ಟು ಮೂಲೆಗೆ ಬಿದ್ದಿತ್ತು. ಹೊರಗೆ ಕಪಾಟಿನಂಥ ಕಟ್ಟಿಗೆಯ ಪೆಟ್ಟಿಗೆ, ಒಳಗೆ ಸುತ್ತಿ ಸುತ್ತಿ ಇಟ್ಟ ತಾಮ್ರದ ಕೊಳವೆ, ಕೆಳಗೆ ಕಬ್ಬಿಣದ ಗುಂಡನೆಯ ಟಾಕಿ. ಅಷ್ಟು ಒಳ್ಳೆಯ ತಾಮ್ರ ಕಂಡು ಅಪ್ಪನಿಗೆ ಹಬ್ಬವಾಯಿತು. ಚಕ್ಕಡಿಗೆ ಏರಿಸುವಾಗ ಬಂಗಲೆಯ ಕಾವಲುಗಾರ ಹೇಳಿದನಂತೆ: "ನೋಡ್ರಿ, ಇದರ ಹೊಟ್ಟ್ಯಾಗ ವಿಷದ ಗಾಳಿ ಐತಿ. ಹಿಂದಕ ದುರಸ್ತಿಗೆ ಮುಂಬಯಿ ಮಂದಿ ಬಂದಾಗ ನಾ ನೋಡೇನಿ. ಬೈಲಾಗ ಇಟ್ಟು, ಗಾಳಿಗೆ ಬೆನ್ನ ಕೊಟ್ಟು ಕುಂತು, ನಳಿಗಿ ತುದಿ ಸುಣ್ಣದ ನೀರಾಗ ಮುಣಗಿಸಿ ಸಾವಕಾಶ ಬಿಟ್ರು. ಮನ್ಯಾಗ ಮಾತ್ರ ಬಿಚ್ಚಬ್ಯಾಡ್ರಿ."

ಅಪ್ಪ ಇದನ್ನೆಲ್ಲ ಬಿಡದೆ ನಮಗೆ ಹೇಳಿದ. ಅವ್ವ ಆಗ ಜ್ವರದಿಂದ ಮಲಗಿದ್ದಳು. ಇಂಥ ಕೆಲಸವನ್ನು ಯಾವಾಗಲೂ ಅವಳೇ ಮುಂದೆ ನಿಂತು ಮಾಡುತ್ತಿದ್ದಳು, ನಾನು ನೀರು ತಂದುಕೊಡುತ್ತಿದ್ದೆ. ಈಗ ನಾನೊಬ್ಬಳೇ. ನನಗೆ ಹದಿನಾರು ವರ್ಷ. ಮೂರನೆಯ ಇಯತ್ತೆಗೆ ಶಾಲೆ ಬಿಡಿಸಿದ್ದರು. ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣ ಚಕ್ಕಡಿ ಹೂಡುತ್ತ ನಕ್ಕ.

"ಅಪ್ಪಾ, ಇದು ನಮ್ಮ ಅಂಜಬುರಕಿ ಕೈಲೆ ಆಗೂದಲ್ಲ. ಹಲ್ಲಿ ಕಂಡ್ರ ಓಣಿ ಕೂಡೂಹಂಗ ಚೀರತಾಳ. ಗಾಳಿ ನಾನ ಬಿಡತೇನಿ ತಗೋ."

"ನೀ ನಿನ್ನ ಎತ್ತ ನೋಡಕೋ ಹೋಗು. ಇದು ಹೆಂಗಸರ ಕೆಲಸ," ಎಂದೆ ನಾನು. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ.

ಹೊಳೆಯ ಬದಿಯ ಬಯಲಿನಲ್ಲಿ ಅಣ್ಣ ಟಾಕಿಯನ್ನೂ ಅದಕ್ಕೆ ಕೂಡಿದ್ದ ಕೊಳವೆಯನ್ನೂ ಇಳಿಸಿದ. ಸುಣ್ಣದ ನೀರಿನ ಗಡಿಗೆ ಇಟ್ಟ. ಟಾಕಿಯ ಬಾಯಿಗೆ ರಬ್ಬರ್ ನಳಿಗೆ ಸಿಕ್ಕಿಸಿ, ಅದರ ತುದಿ ಗಡಿಗೆಯಲ್ಲಿ ಮುಳುಗಿಸಿ, ತಿರುಪು ತಿರುವುವ ಪಾನಾ ನನ್ನ ಕೈಗೆ ಕೊಟ್ಟ.

"ನಾ ಇರಲೇನ?"

"ಬ್ಯಾಡ."

"ಆತವ್ವಾ ತಾಯಿ. ಸತ್ತಗಿತ್ತೀಯ ಮತ್ತ, ಅವ್ವಗ ಏನ ಹೇಳಲಿ ನಾ?" ಎಂದು ನಗುತ್ತಲೇ ಎತ್ತು ಹೊಡೆದುಕೊಂಡು ಹೊಳೆಗೆ ಇಳಿದ.

ನಾನು ಗಾಳಿಗೆ ಬೆನ್ನು ಕೊಟ್ಟು ಕುಳಿತೆ. ಪಾನಾ ಹಾಕಿ ತುಸು ತಿರುವಿದೆ. ಗಡಿಗೆಯಲ್ಲಿ ಗುಳುಗುಳು ಎಂದಿತು. ಇಷ್ಟೇನಾ ಎಂದುಕೊಂಡು ಇನ್ನೊಂದಿಷ್ಟು ತಿರುವಿದೆ. ನಳಿಗೆ ಹಾವಿನಂತೆ ಗಡಿಗೆಯಿಂದ ಎಗರಿ ಹೊರಗೆ ಬಿತ್ತು. ಬುಸ್ ಎಂಬ ಸಪ್ಪಳ. ಸಾವಿರ ಕಡ್ಡಿಪೆಟ್ಟಿಗೆ ಒಮ್ಮೆಗೆ ಗೀರಿದಂಥ ಗಂಧಕದ ವಾಸನೆ. ಗಂಟಲು ಯಾರೋ ಕೈಹಾಕಿ ಹಿಚುಕಿದಂತೆ ಮುಚ್ಚಿಕೊಂಡಿತು. ಉಸಿರು ಒಳಗೆ ಹೋಗಲೊಲ್ಲದು, ಹೊರಗೂ ಬರಲೊಲ್ಲದು. ನಾನು ಸಾಯುತ್ತಿದ್ದೇನೆ ಎಂದು ತಿಳಿದೆ. ಹೇಗೆ ಪಾನಾ ಹಿಡಿದೆನೋ, ಹೇಗೆ ಹಿಂದಕ್ಕೆ ತಿರುವಿದೆನೋ ಗೊತ್ತಿಲ್ಲ. ಸಪ್ಪಳ ನಿಂತಿತು. ಮೊಣಕಾಲೂರಿ ಹರಿದುಕೊಂಡು ದೂರ ಹೋಗಿ, ಹುಲ್ಲಿನಲ್ಲಿ ಬಿದ್ದು ಕೆಮ್ಮಿದೆ.

ಎದ್ದು ಕುಳಿತಾಗ ಟಾಕಿ ಸುಮ್ಮನೆ ನಿಂತಿತ್ತು. ಮತ್ತೆ ಅದರ ಹತ್ತಿರ ಹೋಗಬೇಕೆಂದು ಎರಡು ಸಲ ಎದ್ದೆ. ಎರಡು ಸಲವೂ ಕಾಲು ಮುಂದೆ ಬರಲಿಲ್ಲ. ಅಷ್ಟು ಜೋರಾಗಿ ಬಂದಿತಲ್ಲ, ಎಲ್ಲ ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಸಪ್ಪಳ ನಿಂತದ್ದು ಟಾಕಿ ಖಾಲಿಯಾಗಿ ಅಲ್ಲ, ನಾನು ಮುಚ್ಚಿದ್ದರಿಂದ ಎಂಬುದು ನನ್ನ ಕೈಗೆ ಗೊತ್ತಿತ್ತು.

ಅಣ್ಣ ಎತ್ತುಗಳೊಂದಿಗೆ ಮೇಲೆ ಬಂದ. ನನ್ನ ಕೆಂಪು ಕಣ್ಣು ನೋಡಿ ಅವನ ನಗೆ ನಿಂತಿತು. "ಏ, ಏನಾತ? ಅರ್ಧಕ್ಕ ಬಿಟ್ಟಿ? ಬಿಟ್ಟಿದ್ರ ಹೇಳು, ಉಳಿದದ್ದ ನಾ ಖಾಲಿ ಮಾಡತೇನಿ."

ಆಗ ಹೇಳಬಹುದಿತ್ತು. ಅವನು ಬೈಯುತ್ತಿರಲಿಲ್ಲ. ಹೆಚ್ಚೆಂದರೆ ನಾಲ್ಕು ದಿನ ಕಾಡುತ್ತಿದ್ದ.

"ಎಲ್ಲಾ ಹೋತು," ಎಂದೆ. ಗಡಿಗೆಯ ತಳದ ಸುಣ್ಣದಲ್ಲಿ ಬೆರಳು ಅದ್ದಿ, ಟಾಕಿಯ ಮೇಲೆ ಎಳೆದೆ.

"ಭಲೇ," ಎಂದ ಅಣ್ಣ. ದಾರಿಯುದ್ದಕ್ಕೂ ನನ್ನನ್ನು ಅಂಜಬುರಕಿ ಎನ್ನಲಿಲ್ಲ.

ಮನೆಗೆ ಬಂದ ಮೇಲೆ ಕೊಳವೆ ಸಮೇತ ಟಾಕಿಯನ್ನು ಹಿತ್ತಲಿನ ಬೇವಿನ ಮರದ ಕೆಳಗೆ ಇಟ್ಟರು. ಅಂದು ನಾನು ಹಿತ್ತಲಿಗೆ ಕಾಲಿಡಲಿಲ್ಲ. ಅವ್ವನ ಹಣೆಗೆ ತಣ್ಣೀರ ಅರಿವೆ ಹಾಕುತ್ತ ಕುಳಿತೆ. ಅವ್ವ ಕೇಳಿದಳು: "ಆತೇನ ಅದು?" ಹೂಂ ಎಂದೆ. "ನೆಟ್ಟಗ ಆತೇನ?" ಎಂದು ಮತ್ತೆ ಕೇಳಿದಳು. ಅದಕ್ಕೂ ಹೂಂ ಎಂದೆ. ಬಿಸಿಲಿಗೆ ಅದು ತಾನಾಗಿಯೇ ಸಿಡಿದರೆ, ನಾಯಿ ಉರುಳಿಸಿದರೆ, ಮಕ್ಕಳು ಕಲ್ಲು ಒಗೆದರೆ ಎಂದು ಒಂದೊಂದೇ ಮನಸ್ಸಿಗೆ ಬರುತ್ತಿತ್ತು. ಅಣ್ಣ ಅದನ್ನು ಕತ್ತರಿಸುತ್ತಾನೆ ಎಂಬ ಒಂದು ವಿಚಾರವನ್ನು ಮಾತ್ರ ಹತ್ತಿರ ಬರಗೊಡಲಿಲ್ಲ.

ಮರುದಿನ ಊಟ ಮುಗಿಸಿ ಅಪ್ಪ ಪೇಟೆಗೆ ಹೋದ. ನಾನು ಪಡಸಾಲೆಯಲ್ಲಿ ಜೋಳ ಬೀಸುತ್ತಿದ್ದೆ. ಹಿತ್ತಲಿನಿಂದ ಗರಗಸದ ಸಪ್ಪಳ ಬಂತು. ಮೊದಲು ಮೆಲ್ಲಗೆ, ಅದರ ಹಲ್ಲು ತಾಮ್ರಕ್ಕೆ ಕಚ್ಚುವವರೆಗೆ. ಆಮೇಲೆ ಒಂದೇ ಸಮನೆ.

ನನ್ನ ಕೈ ನಿಂತಿತು. ಹಿತ್ತಲಿನ ಬಾಗಿಲು ನನ್ನಿಂದ ಎಂಟು ಹತ್ತು ಹೆಜ್ಜೆ. "ಅಣ್ಣಾ, ನಿಲ್ಲು," ಎಂದರೆ ಸಾಕಿತ್ತು. ಬಾಯಿ ತೆರೆದೆ. ಟಾಕಿ ಖಾಲಿಯೇ ಇದ್ದರೆ, ಸುಮ್ಮನೆ ಓಡಿಹೋಗಿ ಸುಳ್ಳು ಹೇಳಿದೆನೆಂದು ಒಪ್ಪಿಕೊಂಡಂತಾಗುತ್ತದಲ್ಲ ಎಂದು ಆ ಗಳಿಗೆಯಲ್ಲಿ ನನಗೆ ಅನಿಸಿತು. ಏನೂ ಆಗಲಿಕ್ಕಿಲ್ಲ, ಆಗಲಿಕ್ಕಿಲ್ಲ ಎಂದುಕೊಂಡು ಬೀಸುಕಲ್ಲನ್ನು ಜೋರಾಗಿ ತಿರುಗಿಸತೊಡಗಿದೆ. ಗರಗಸ ಕೇಳಿಸಬಾರದು ಎಂದು.

ಬುಸ್ ಎಂದದ್ದು ಮಾತ್ರ ಕೇಳಿಸಿತು. ಅದರ ಹಿಂದೆಯೇ ಅಣ್ಣನ ಕೂಗು. ಅವನು ಹಾಗೆ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಕೊಳವೆ ತುಂಡಾಗುತ್ತಲೇ ಒಳಗಿನದು ನೀರಿನಂತೆ ಅವನ ಮುಖಕ್ಕೆ ಚಿಮ್ಮಿತ್ತು. ಎರಡೂ ಕೈ ಕಣ್ಣಿಗೆ ಒತ್ತಿಕೊಂಡು ಗೋಡೆಗೆ ಬಡಿದು ಬಿದ್ದಿದ್ದ. ಹಿತ್ತಲೆಲ್ಲ ಬಿಳಿಯ ಹೊಗೆ. ಪಕ್ಕದ ಮನೆಯ ಕಾಕಾ ಮುಖಕ್ಕೆ ಹಸಿ ಪಂಚೆ ಸುತ್ತಿಕೊಂಡು ಒಳನುಗ್ಗಿ ಅವನನ್ನು ಎಳೆದು ತಂದರು. "ನೀರ ಹಾಕ್ರಿ, ನೀರ! ನಿಂತ ನೋಡತೀಯಲ್ಲ, ಕೊಡ ತಾ!" ಎಂದು ನನಗೆ ಒದರಿದರು. ಕೊಡದ ಮೇಲೆ ಕೊಡ ಸುರಿದೆವು. ಬಾಜೂ ಮನೆಯ ಬಾಣಂತಿಯಿಂದ ಎದೆಹಾಲು ತಂದು ಕಣ್ಣಿಗೆ ಬಿಟ್ಟರು. ಜ್ವರದ ಅವ್ವ ಎದ್ದು ಬಂದು ಕಟ್ಟೆಯ ಮೇಲೆ ಕುಸಿದಳು. ಹಿತ್ತಲಿನಲ್ಲಿದ್ದ ಕೋಳಿಗಳು ಸತ್ತಿದ್ದವು. ಎರಡು ದಿನಕ್ಕೆ ಬೇವಿನ ಎಲೆಗಳು ಬಣ್ಣ ಕಳೆದುಕೊಂಡು ಬಿಳಿಚಿ ಉದುರಿದವು.

ದವಾಖಾನೆಯಲ್ಲಿ ಎಡಗಣ್ಣು ಹೋಯಿತು ಎಂದರು. ಬಲಗಣ್ಣಿನಲ್ಲಿ ಬೆಳಕು, ಮನುಷ್ಯರ ಆಕಾರ, ಇಷ್ಟು ಉಳಿಯಿತು. ಪಟ್ಟಿ ಕಟ್ಟಿಕೊಂಡು ಮಲಗಿದ್ದ ಅಣ್ಣನ ಮುಂದೆ ಅಪ್ಪ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಆಗ ಅಣ್ಣನೇ ಹೇಳಿದ: "ಆಕಿಗೆ ಏನೂ ಅನಬ್ಯಾಡಪ್ಪಾ. ಆಕಿ ಖಾಲಿ ಮಾಡ್ಯಾಳ, ಆಕಿ ಕಣ್ಣು ನಾ ನೋಡೇನಿ, ಕೆಂಪಗ ಆಗಿದ್ದು. ಆ ಮಶೀನಿಗೆ ಎರಡ ಹೊಟ್ಟಿ ಇರಬೇಕು. ಇನ್ನೊಂದು ನಮಗ ಗೊತ್ತಾಗಿಲ್ಲ."

ಎರಡು ಹೊಟ್ಟೆಯ ಆ ಮಾತು ಮನೆಯಲ್ಲಿ ಉಳಿಯಿತು. ಬಂದವರಿಗೆಲ್ಲ ಅಪ್ಪ ಅದನ್ನೇ ಹೇಳುತ್ತಿದ್ದ. ನಾನೂ ಹೇಳಿದ್ದೇನೆ.

ಮುಂದೆ ನನ್ನನ್ನು ಹುಕ್ಕೇರಿಗೆ ಕೊಟ್ಟರು. ಅಣ್ಣ ಕೈಯಿಂದಲೇ ತಡವಿ ಪಾತ್ರೆ ಬಡಿಯುವುದನ್ನು ಕಲಿತ. ಮದುವೆಯೂ ಆಯಿತು. ಪ್ರತಿ ವರ್ಷ ಪಂಚಮಿಗೆ ನನ್ನನ್ನು ಕರೆದೊಯ್ಯಲು ತಾನೇ ಬರುತ್ತಿದ್ದ. ಒಂದು ವರ್ಷ ಜೊತೆಗೆ ಯಾರೂ ಇಲ್ಲದೆ, ಮೋಟಾರಿನವರ ಕೈ ಹಿಡಿದು ಇಳಿದು ಬಂದ. ಮೊಣಕೈ ತರಚಿತ್ತು. ಅದನ್ನು ತೊಳೆಯುತ್ತ ಕುಳಿತಾಗ, ಹತ್ತು ವರ್ಷ ಹೊಟ್ಟೆಯಲ್ಲಿಟ್ಟದ್ದು ಬಾಯಿಗೆ ಬಂತು. ಬಯಲಿನಲ್ಲಿ ಅಂಜಿ ಮುಚ್ಚಿದ್ದು, ಖಾಲಿಯಾಗದೆ ಸುಣ್ಣ ಹಚ್ಚಿದ್ದು, ಎಲ್ಲ ಹೇಳಿಬಿಟ್ಟೆ.

ಹೊಡೆದರೂ ಸರಿ ಎಂದು ಕುಳಿತಿದ್ದೆ. ಅಣ್ಣ ಒಂದೇ ಮಾತು ಕೇಳಿದ:

"ನಾ ಕೊಯ್ಯೂಮುಂದ ಗರಗಸದ ಸಪ್ಪಳ ನಿನಗ ಕೇಳಿತ್ತೇನ?"

ಅವನ ಬಲಗಣ್ಣು ನನ್ನ ಮುಖದ ಕಡೆಗಿತ್ತು. ಅದರಲ್ಲಿ ನಾನು ಒಂದು ಆಕಾರ ಮಾತ್ರ. ಆದರೂ ಅದು ನನ್ನನ್ನು ಪೂರ್ತಿ ನೋಡುತ್ತಿದೆ ಎನಿಸಿತು.

"ಇಲ್ಲಣ್ಣಾ. ಬೀಸಾಕತ್ತಿದ್ನಿ. ಕೇಳಲಿಲ್ಲ."

ಅವನು ಉಸಿರು ಬಿಟ್ಟ. "ಹಂಗಾರ ಬಿಡು. ಸಣ್ಣಾಕಿ ಇದ್ದಿ, ಅಂಜಿದಿ. ಕೇಳಿದ್ರ ಸುಮ್ಮ ಕುಂಡ್ರತಿದ್ದಿಲ್ಲ ನೀ. ಅದನ್ನ ನಾ ಬಲ್ಲೆ. ನಡಿ, ಗಾಡಿ ಹೊಂಡತೈತಿ."

ನಿಲ್ದಾಣದವರೆಗೆ ಅವನ ಕೈ ಹಿಡಿದು ನಡೆದೆ. ಇಲ್ಲಿ ಗಟಾರ ಐತಿ ಅಣ್ಣಾ, ಇಲ್ಲಿ ಕಲ್ಲು ಐತಿ ಎನ್ನುತ್ತಿದ್ದೆ. ಬೇರೆಯವರು ಹೇಳಿದರೆ ಮೊದಲು ಕೋಲಿನಿಂದ ತಡವಿ ನೋಡುತ್ತಿದ್ದ ಅಣ್ಣ, ನಾನು ಹೇಳಿದಲ್ಲಿ ನೋಡದೆಯೇ ಕಾಲಿಡುತ್ತಿದ್ದ.